ದೂರ ಪ್ರಯಾಣದ ಮೋಟಾರು ಸೈಕಲ್ಲು: ಮನೆಯಲ್ಲೇ ದೋಷಪತ್ತೆ ಮತ್ತು ಪಾಲನೆ

ಮಲೆನಾಡಿನ ಸಣ್ಣ ಬೆಳೆಗಾರನಿಗೆ ಮೋಟಾರು ಸೈಕಲ್ಲು ಗುದ್ದಲಿ, ಕತ್ತಿ, ಸ್ಪ್ರೇಯರುಗಳಷ್ಟೇ ಅವಶ್ಯವಾದ ಉಪಕರಣವಾಗಿದೆ. ಅಡಿಕೆಯ ಧಾರಣೆ ವಿಚಾರಿಸಲು ಮಂಡಿಗೆ, ಕಾಫಿಯ ಸ್ಯಾಂಪಲ್ ತೋರಿಸಲು ಕ್ಯೂರಿಂಗಿಗೆ, ಮದುವೆ ಮುಂಜಿಗೆಂದು ಘಟ್ಟದ ಕೆಳಗಿನ ನೆಂಟರ ಮನೆಗೆ, ಅಪರಾತ್ರಿಯಲ್ಲಿ ಮನೆಯವರಿಗೆ ಎದೆನೋವು ಬಂದರೆ ಆಸ್ಪತ್ರೆಗೆ, ಹೀಗೆ ಎಲ್ಲದಕ್ಕೂ ಅದೇ ಆಧಾರ. ಒಂಟಿ ಮನೆಗಳೇ ಹೆಚ್ಚಾಗಿರುವ ನಮ್ಮ ಕಡೆ ಪೇಟೆಯ ಮೆಕ್ಯಾನಿಕ್ ಬರುವತನಕ ಕಾಯುವಂತಿಲ್ಲ. ಮಳೆಗಾಲದಲ್ಲಿ ಆತ ಬರುವುದೂ ಇಲ್ಲ. ಆದ್ದರಿಂದ ವಾಹನದ ಸಾಮಾನ್ಯ ದೋಷಗಳನ್ನು ಗುರುತಿಸಿ ಸರಿಪಡಿಸುವ ವಿದ್ಯೆ ಪ್ರತಿ ಮನೆಯಲ್ಲೂ ಕನಿಷ್ಠ ಇಬ್ಬರಿಗಾದರೂ ಗೊತ್ತಿರಬೇಕೆಂಬುದು ನಮ್ಮ ಅಭಿಪ್ರಾಯ. ಆ ಇಬ್ಬರಲ್ಲಿ ಒಬ್ಬರು ಹೆಣ್ಣುಮಕ್ಕಳಾದರೆ ಇನ್ನೂ ಒಳ್ಳೆಯದು.

ಉದಾಹರಣೆಗಾಗಿ ನಾವು ಹಳೆಯ 350 ಸಿ.ಸಿ. ಬುಲೆಟ್ಟನ್ನು ತೆಗೆದುಕೊಂಡಿದ್ದೇವೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಈ ವಾಹನದ ತಯಾರಿಕೆ 1955ರಲ್ಲಿ ಮದರಾಸಿನಲ್ಲಿ ನೆಲೆಗೊಂಡಿತು. ಎರಕದ ಕಬ್ಬಿಣದ ಸಿಲಿಂಡರು, ಬೇರೆಯಾಗಿ ಜೋಡಿಸಿದ ಗೇರ್ ಬಾಕ್ಸು, ಪಾಯಿಂಟು ಮತ್ತು ಕಾರ್ಬುರೇಟರುಳ್ಳ ಈ ಎಂಜಿನ್ನು ಹಲವು ದಶಕ ಹೆಚ್ಚು ಬದಲಾವಣೆಯಿಲ್ಲದೆ ಬಂದುದರಿಂದ ಇಂದಿಗೂ ನಮ್ಮ ಅನೇಕ ಸದಸ್ಯರ ಕೊಟ್ಟಿಗೆಗಳಲ್ಲಿದೆ. ಇದನ್ನು ಅರಿತವರಿಗೆ ಬೇರೆ ಹಳೆಯ ವಾಹನಗಳೂ ಬಹುಮಟ್ಟಿಗೆ ಅರ್ಥವಾಗುತ್ತವೆ. ಹೊಸ ಮಾದರಿಗಳ ವಿಚಾರವನ್ನು ಪಾಠದ ಕೊನೆಯಲ್ಲಿ ಹೇಳಿದ್ದೇವೆ.

ಪಾಠದ ಮುಖ್ಯ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇವೆ. ಕಾಳುಮೆಣಸಿನ ಬಳ್ಳಿ ಹಳದಿಯಾದರೆ ಕೂಡಲೇ ಗೊಬ್ಬರ ಸುರಿಯದೆ ಬುಡ, ಬೇರು, ಬಸಿಗಾಲುವೆಗಳನ್ನು ಕ್ರಮವಾಗಿ ನೋಡುತ್ತೇವೆ. ವಾಹನದಲ್ಲೂ ಹಾಗೆಯೇ. ಬಿಚ್ಚುವ ಮೊದಲು ಪರೀಕ್ಷಿಸಬೇಕು. ಒಂದು ಬಾರಿಗೆ ಒಂದನ್ನು ಮಾತ್ರ ಬದಲಾಯಿಸಬೇಕು. ಬದಲಾಯಿಸಿದ ಮೇಲೆ ಮತ್ತೆ ಪರೀಕ್ಷಿಸಬೇಕು. ಪ್ಲಗ್, ಕಾರ್ಬುರೇಟರು, ಪಾಯಿಂಟು ಮೂರನ್ನೂ ಒಟ್ಟಿಗೆ ಕದಲಿಸಿದವನಿಗೆ ವಾಹನ ಅಕಸ್ಮಾತ್ ಸ್ಟಾರ್ಟ್ ಆದರೂ ದೋಷ ಎಲ್ಲಿತ್ತೆಂದು ತಿಳಿಯುವುದಿಲ್ಲ. ಮುಂದಿನ ಸಲ ಘಟ್ಟದ ನಡುವೆ ಅದೇ ದೋಷ ಬಂದಾಗ ಆತ ಮೊದಲಿನಿಂದ ಶುರುಮಾಡಬೇಕಾಗುತ್ತದೆ.

1. ಸಲಕರಣೆ ಮತ್ತು ಜಾಗರೂಕತೆ

ಒಂದು ಸೆಟ್ ಸ್ಪಾನರು, ಪ್ಲಗ್ ಸ್ಪಾನರು, ದೊಡ್ಡದೊಂದು ಚಿಕ್ಕದೊಂದು ಸ್ಕ್ರೂಡ್ರೈವರು, ಇಕ್ಕಳ, ಫೀಲರ್ ಗೇಜು, ನುಣುಪಾದ ಉಜ್ಜುಕಾಗದ, ಗಾಳಿಯ ಒತ್ತಡ ನೋಡುವ ಗೇಜು, ಒಂದು ಬಲ್ಬಿಗೆ ಎರಡು ತಂತಿ ಕಟ್ಟಿದ ಪರೀಕ್ಷಾ ದೀಪ, ಹತ್ತಿಯ ಹಳೇ ಬಟ್ಟೆ, ಇಷ್ಟು ಸಾಕು. ಬಿಚ್ಚಿದ ನಟ್ಟು, ವಾಷರುಗಳನ್ನು ಕಳಚಿದ ಕ್ರಮದಲ್ಲೇ ಒಂದು ಹಾಳೆ ತಟ್ಟೆಯಲ್ಲಿ ಸಾಲಾಗಿ ಇಡಿರಿ. ಜೋಡಿಸುವಾಗ ತಿರುಗು ಕ್ರಮದಲ್ಲಿ ತೆಗೆದುಕೊಳ್ಳಬಹುದು.

ಮೂರು ಎಚ್ಚರಿಕೆಗಳನ್ನು ಮರೆಯಬಾರದು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ನಡೆಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಪಾಯಕರ. ಪೆಟ್ರೋಲಿನ ಕೆಲಸ ಮಾಡುವಾಗ ಬೀಡಿ, ಚಿಮಣಿ, ಒಲೆಗಳಿಂದ ದೂರವಿರಬೇಕು. ಮಣ್ಣಿನ ನೆಲದಲ್ಲಿ ನಡುಸ್ಟ್ಯಾಂಡು ಹಾಕುವುದಾದರೆ ಅಡಿಗೆ ಹಲಗೆ ಕೊಡಬೇಕು; ಇಷ್ಟು ಭಾರದ ವಾಹನ ಕಾಲ ಮೇಲೆ ಬಿದ್ದರೆ ಆ ವರ್ಷದ ಕೊಯ್ಲನ್ನು ಕುಳಿತು ನೋಡಬೇಕಾದೀತು.

2. ಎಂಜಿನ್ನಿಗೆ ಬೇಕಾದ ಮೂರು

ಎಂಜಿನ್ ನಡೆಯಲು ಸರಿಯಾದ ಸಮಯಕ್ಕೆ ಕಿಡಿ, ಸರಿಯಾದ ಪ್ರಮಾಣದಲ್ಲಿ ಪೆಟ್ರೋಲು ಮತ್ತು ಗಾಳಿ, ಸಾಕಷ್ಟು ಒತ್ತಡ, ಈ ಮೂರು ಬೇಕು. ಸ್ಟಾರ್ಟ್ ಆಗದ ವಾಹನದಲ್ಲಿ ಇವುಗಳಲ್ಲಿ ಒಂದು ಇಲ್ಲವಾಗಿದೆ ಎಂದೇ ತಿಳಿಯಬೇಕು. ಒತ್ತಡ ಸಾಮಾನ್ಯವಾಗಿ ದಿನದಿಂದ ದಿನಕ್ಕೆ ನಿಧಾನವಾಗಿ ಕಡಿಮೆಯಾಗುತ್ತದೆ. ನಿನ್ನೆ ಚೆನ್ನಾಗಿದ್ದ ವಾಹನ ಇಂದು ಹಠಾತ್ತನೆ ನಿಂತಿದ್ದರೆ ಬಹುಪಾಲು ಕಿಡಿ ಅಥವಾ ಪೆಟ್ರೋಲಿನ ದೋಷವೇ ಆಗಿರುತ್ತದೆ.

ಒತ್ತಡದ ಪರೀಕ್ಷೆ ಸುಲಭ. ಕೀ ತೆರೆಯದೆ, ಡಿಕಂಪ್ರೆಸರ್ ಹಿಡಿಯದೆ ಕಿಕ್ಕರನ್ನು ಮೆಲ್ಲಗೆ ಅದುಮಿದರೆ ಒಂದು ಹಂತದಲ್ಲಿ ಕಾಲಿಗೆ ಗಟ್ಟಿಯಾಗಿ ಎದುರು ಕೊಡಬೇಕು. ಎದುರು ಬಾರದೆ ಸಲೀಸಾಗಿ ಇಳಿದುಹೋದರೆ ಮೊದಲು ಡಿಕಂಪ್ರೆಸರಿನ ಕೇಬಲನ್ನು ನೋಡಿರಿ. ಕೇಬಲು ಬಿಗಿಯಾಗಿ ಸಡಿಲವೇ ಇಲ್ಲದಿದ್ದರೆ ಅದರ ಕವಾಟ ಪೂರ್ತಿ ಮುಚ್ಚದೆ ಒತ್ತಡ ಸೋರಿಹೋಗುತ್ತದೆ. ಕೇಬಲು ಸಡಿಲಿಸಿದರೆ ಸರಿಹೋಗುವ ಇಷ್ಟಕ್ಕಾಗಿ ಎಂಜಿನ್ನನ್ನೇ ಇಳಿಸಿದ ಪ್ರಸಂಗಗಳೂ ಉಂಟು.

3. ಆಂಪಿಯರ್ ಮೀಟರಿನ ಮುಳ್ಳು ಹೇಳುವ ಸತ್ಯ

ಹಳೆಯ ಬುಲೆಟ್ಟಿನ ಹೆಡ್‌ಲೈಟಿನ ಮೇಲ್ಭಾಗದಲ್ಲಿರುವ ಚಿಕ್ಕ ಆಂಪಿಯರ್ ಮೀಟರನ್ನು ಹಲವರು ಅಲಂಕಾರವೆಂದು ಭಾವಿಸುತ್ತಾರೆ. ಮನೆಯಲ್ಲಿ ದೋಷ ಹುಡುಕುವವನಿಗೆ ಅದಕ್ಕಿಂತ ಒಳ್ಳೆಯ ಸಹಾಯಕನಿಲ್ಲ. ಗೇರನ್ನು ನ್ಯೂಟ್ರಲಿಗೆ ತಂದು, ಕೀ ತೆರೆದು, ಡಿಕಂಪ್ರೆಸರ್ ಹಿಡಿದು ಕಿಕ್ಕರನ್ನು ಎರಡು ಮೂರು ಸಲ ನಿಧಾನವಾಗಿ ಅದುಮುತ್ತ ಮುಳ್ಳನ್ನೇ ನೋಡಿರಿ. ಪಾಯಿಂಟು ಮುಚ್ಚಿರುವಾಗ ಕಾಯಿಲಿಗೆ ವಿದ್ಯುತ್ ಹರಿದು ಮುಳ್ಳು ಕಳೆಯುವ ಕಡೆಗೆ, ಅಂದರೆ ಮೈನಸ್ ಬದಿಗೆ, ವಾಲುತ್ತದೆ. ಪಾಯಿಂಟು ತೆರೆದಾಗ ನಡುವಿಗೆ ಮರಳುತ್ತದೆ. ಈಗ ಮೂರು ಸಂಗತಿಗಳು ಸಾಧ್ಯ.

(ಅ) ಮುಳ್ಳು ನಡುವಿನಿಂದ ಕದಲುವುದೇ ಇಲ್ಲ. ಕಾಯಿಲಿಗೆ ವಿದ್ಯುತ್ ಹರಿಯುತ್ತಿಲ್ಲವೆಂದು ಅರ್ಥ. ಹಾರನ್ ಒತ್ತಿ ನೋಡಿರಿ. ಅದೂ ಮೂಕವಾಗಿದ್ದರೆ ಫ್ಯೂಸು, ಬ್ಯಾಟರಿಯ ತುದಿಗಳು, ಅರ್ಥ್ ತಂತಿ ಇವುಗಳಲ್ಲಿ ಹುಡುಕಬೇಕು. ಹಾರನ್ ಗಟ್ಟಿಯಾಗಿ ಕೂಗಿದರೆ ಬ್ಯಾಟರಿ ಸರಿಯಾಗಿದೆ. ದೋಷ ಪಾಯಿಂಟಿನಲ್ಲಿ ಅಥವಾ ಅಲ್ಲಿಗೆ ಹೋಗುವ ತಂತಿಯಲ್ಲಿದೆ. ಪಾಯಿಂಟಿನ ಮುಖದ ಮೇಲೆ ಎಣ್ಣೆಯ ಪಸೆ ಅಥವಾ ಮಳೆಗಾಲದ ಬೂಷ್ಟಿನಂತಹ ಪದರ ಕೂತಿರಬಹುದು.

(ಆ) ಮುಳ್ಳು ಸದಾ ಮೈನಸ್ ಬದಿಯಲ್ಲೇ ನಿಂತಿದೆ. ಪಾಯಿಂಟು ತೆರೆಯುತ್ತಿಲ್ಲ, ಅಥವಾ ಅದರ ತಂತಿ ಎಲ್ಲೋ ಲೋಹಕ್ಕೆ ತಗುಲಿದೆ, ಅಥವಾ ಕಂಡೆನ್ಸರು ಒಳಗೇ ಕೆಟ್ಟು ಕೂಡಿಹೋಗಿದೆ. ಕಂಡೆನ್ಸರಿನ ತಂತಿಯನ್ನು ಬೇರ್ಪಡಿಸಿ ಮತ್ತೆ ನೋಡಿರಿ. ಮುಳ್ಳು ಆಡತೊಡಗಿದರೆ ದೋಷಿ ಕಂಡೆನ್ಸರೇ.

(ಇ) ಮುಳ್ಳು ಸರಿಯಾಗಿ ಹೋಗಿ ಬರುತ್ತದೆ. ಬ್ಯಾಟರಿಯಿಂದ ಪಾಯಿಂಟಿನವರೆಗೆ ಎಲ್ಲವೂ ಕ್ಷೇಮ. ಇನ್ನು ಕಾಯಿಲಿನಿಂದ ಪ್ಲಗ್ಗಿಗೆ ಹೋಗುವ ದಪ್ಪ ತಂತಿ, ಪ್ಲಗ್ಗಿನ ಟೊಪ್ಪಿಗೆ, ಪ್ಲಗ್ಗು ಇವನ್ನಷ್ಟೇ ಪರೀಕ್ಷಿಸಬೇಕು.

ಎರಡು ನಿಮಿಷದ ಈ ಪರೀಕ್ಷೆಯಿಂದ ಹುಡುಕುವ ಜಾಗ ಮೂರರಲ್ಲಿ ಒಂದು ಪಾಲಾಯಿತು. ಮಳೆಯಲ್ಲಿ ರಸ್ತೆ ಬದಿ ನಿಂತವನಿಗೆ ಇದು ಸಣ್ಣ ಲಾಭವಲ್ಲ.

ಪಾಯಿಂಟು ಎಂಜಿನ್ನಿನ ಬಲಬದಿಯ ದುಂಡನೆಯ ಮುಚ್ಚಳದ ಅಡಿ ಇರುತ್ತದೆ. ಪೂರ್ತಿ ತೆರೆದಾಗ ಅದರ ಅಂತರ 0.35ರಿಂದ 0.40 ಮಿ.ಮೀ. ಇರಬೇಕು. ಮುಖಗಳನ್ನು ಉಜ್ಜುಕಾಗದದಿಂದ ಹಗುರವಾಗಿ ತಿಕ್ಕಿ, ಕೊನೆಗೆ ಶುಭ್ರವಾದ ಬಿಳಿಯ ಕಾಗದದ ಚೂರನ್ನು ನಡುವೆ ಎಳೆದು ಧೂಳು ತೆಗೆಯಬೇಕು. ಎಂಜಿನ್ ನಡೆಯುವಾಗ ಪಾಯಿಂಟಿನಲ್ಲಿ ಕಿಡಿ ಜೋರಾಗಿ ಹಾರುತ್ತಿದ್ದರೆ, ಮುಖ ಪದೇ ಪದೇ ಗುಳಿ ಬೀಳುತ್ತಿದ್ದರೆ ಕಂಡೆನ್ಸರನ್ನು ಬದಲಾಯಿಸಬೇಕು. ಅದರ ಬೆಲೆ ಕಡಿಮೆ. ದೂರ ಪ್ರಯಾಣಕ್ಕೆ ಒಂದು ಹೆಚ್ಚಿನದು ಜೊತೆಯಲ್ಲಿರಲಿ.

ಮುಳ್ಳಿನ ಇನ್ನೊಂದು ಉಪಯೋಗ ಕಿಕ್ ಹೊಡೆಯುವಾಗ. ಕೀ ತೆರೆದು ಕಿಕ್ಕರನ್ನು ಒತ್ತಡ ಸಿಗುವವರೆಗೆ ಅದುಮಿ, ಡಿಕಂಪ್ರೆಸರ್ ಹಿಡಿದು ಮುಳ್ಳು ನಡುವಿಗೆ ಬರುವಂತೆ ಸ್ವಲ್ಪ ಮುಂದೆ ತಳ್ಳಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕರನ್ನು ಮೇಲೆ ತಂದು ಒಂದೇ ಸಮನೆ ಪೂರ್ತಿ ಒದೆಯಬೇಕು. ಹೀಗೆ ಮಾಡಿದರೆ ಒದೆ ತಿರುಗಿ ಹೊಡೆಯುವ ಭಯ ಕಡಿಮೆ. ಬರಿಗಾಲಿನಲ್ಲಿ, ಹವಾಯಿ ಚಪ್ಪಲಿಯಲ್ಲಿ ಒದೆಯುವ ಅಭ್ಯಾಸವನ್ನು ಬಿಡಬೇಕು.

ಪ್ಲಗ್ಗಿನ ಕಿಡಿ ನೋಡಲು ಪ್ಲಗ್ಗನ್ನು ಬಿಚ್ಚಿ, ಟೊಪ್ಪಿಗೆಗೆ ಸೇರಿಸಿ, ಅದರ ಲೋಹದ ಮೈ ಸಿಲಿಂಡರ್ ಹೆಡ್ಡಿಗೆ ತಾಗುವಂತೆ ಇಟ್ಟು ಕಿಕ್ಕರ್ ಒತ್ತಬೇಕು. ಪ್ಲಗ್ಗಿನ ರಂಧ್ರದ ಬಾಯಿಂದ ಅದನ್ನು ದೂರವಿಡಿರಿ. ಒಳಗಿನಿಂದ ಬರುವ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬಹುದು. ಗಟ್ಟಿಯಾದ ನೀಲಿ ಕಿಡಿ ಬಂದರೆ ಸರಿ. ತೆಳುವಾದ ಹಳದಿ ಕಿಡಿ ಸಾಲದು. ಪ್ಲಗ್ಗಿನ ಅಂತರ 0.45ರಿಂದ 0.50 ಮಿ.ಮೀ. ಇರಲಿ.

4. ಕಿಡಿ ಇದೆ, ಆದರೂ ಸ್ಟಾರ್ಟ್ ಆಗದು

ಇನ್ನು ಪೆಟ್ರೋಲಿನ ಕಡೆ ತಿರುಗೋಣ. ಬಿಚ್ಚಿದ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ತಲುಪುತ್ತಿಲ್ಲ. ಒದ್ದೆಯಾಗಿದ್ದರೆ ತಲುಪುತ್ತಿದೆ, ಬಹುಶಃ ಹೆಚ್ಚಾಗಿಯೇ ತಲುಪಿದೆ.

ಒಣಗಿದ್ದರೆ ಪೆಟ್ರೋಲಿನ ಹಾದಿಯನ್ನು ಮೇಲಿನಿಂದ ಕೆಳಕ್ಕೆ ಪರೀಕ್ಷಿಸಬೇಕು. ತೋಟಕ್ಕೆ ನೀರು ಬಾರದಿದ್ದಾಗ ಕೆರೆಯ ತೂಬಿನಿಂದ ಶುರುಮಾಡಿ ಕಾಲುವೆಗುಂಟ ಬರುವಂತೆ. ಟ್ಯಾಂಕಿನ ಮುಚ್ಚಳದಲ್ಲಿ ಗಾಳಿಯಾಡುವ ಸೂಕ್ಷ್ಮ ರಂಧ್ರವೊಂದಿದೆ. ಅದು ಧೂಳಿನಿಂದ ಮುಚ್ಚಿದರೆ ವಾಹನ ನಾಲ್ಕಾರು ಮೈಲಿ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡಿ ಮತ್ತೆ ನಿಲ್ಲುತ್ತದೆ. ನಿಂತಾಗ ಮುಚ್ಚಳ ತೆರೆದೊಡನೆ ಗಾಳಿ ಒಳಕ್ಕೆ ಎಳೆದ ಸದ್ದು ಕೇಳಿ, ಆಮೇಲೆ ವಾಹನ ಸ್ಟಾರ್ಟ್ ಆದರೆ ರೋಗ ಇದೇ. ಮುಂದೆ, ರಬ್ಬರು ನಳಿಗೆಯನ್ನು ಕಾರ್ಬುರೇಟರಿನಿಂದ ಬಿಡಿಸಿ ಒಂದು ಶೀಸೆಗೆ ಹಿಡಿದು ನಲ್ಲಿಯನ್ನು ತೆರೆಯಿರಿ. ಧಾರೆ ಎಡೆಬಿಡದೆ ಬೀಳಬೇಕು. ಹನಿಹನಿಯಾಗಿ ಬಿದ್ದರೆ ನಲ್ಲಿಯ ಜಾಲರಿ ಕಟ್ಟಿದೆ. ಧಾರೆ ಸರಿಯಿದ್ದರೆ ಕಾರ್ಬುರೇಟರಿನ ತಳದ ಬಟ್ಟಲನ್ನು ಕಳಚಿ ಜೆಟ್ಟುಗಳನ್ನು ತೆಗೆದು ಬೆಳಕಿಗೆ ಹಿಡಿದು ನೋಡಬೇಕು. ಜೆಟ್ಟಿನ ರಂಧ್ರಕ್ಕೆ ಸೂಜಿ, ತಂತಿ ಹಾಕಕೂಡದು. ರಂಧ್ರ ಕೂದಲೆಳೆಯಷ್ಟು ಹಿಗ್ಗಿದರೂ ಲೆಕ್ಕ ತಪ್ಪುತ್ತದೆ. ಸೈಕಲ್ ಪಂಪಿನಿಂದ ಗಾಳಿ ಹೊಡೆದರೆ ಸಾಕು.

ಚೋಕು ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ ಎಂದಾದರೆ ಚಿಕ್ಕ ಜೆಟ್ಟು ಕಟ್ಟಿದೆ, ಇಲ್ಲವೇ ಕಾರ್ಬುರೇಟರು ಹೆಡ್ಡಿಗೆ ಸೇರುವಲ್ಲಿ ಬೋಲ್ಟು ಸಡಿಲವಾಗಿ ಗಾಳಿ ಒಳನುಗ್ಗುತ್ತಿದೆ.

ಪ್ಲಗ್ಗು ಒದ್ದೆಯಾಗಿದ್ದರೆ ನಲ್ಲಿ ಮುಚ್ಚಿ, ಕೀ ತೆಗೆದು, ಥ್ರಾಟಲ್ ಪೂರ್ತಿ ತಿರುಗಿಸಿ ಹಿಡಿದು, ಡಿಕಂಪ್ರೆಸರ್ ಒತ್ತಿ ಐದಾರು ಸಲ ಕಿಕ್ ಮಾಡಿರಿ. ಹೆಚ್ಚಾದ ಪೆಟ್ರೋಲು ಹೊರಹೋಗುತ್ತದೆ. ಪ್ಲಗ್ಗನ್ನು ಒರೆಸಿ ಒಣಗಿಸಿ ಹಾಕಿ, ಚೋಕಿಲ್ಲದೆ ಪ್ರಯತ್ನಿಸಬೇಕು.

5. ಪ್ಲಗ್ಗಿನ ಬಣ್ಣ, ಹೊಗೆಯ ಬಣ್ಣ

ಹತ್ತಿಪ್ಪತ್ತು ಮೈಲಿ ಓಡಿಸಿ ಬಂದು, ಎಂಜಿನ್ ಆರಿದ ಬಳಿಕ ಪ್ಲಗ್ಗನ್ನು ಬಿಚ್ಚಿ ನೋಡುವುದು ಎಂಜಿನ್ನಿನ ನಾಡಿ ಹಿಡಿದಂತೆ. ಹದವಾಗಿ ಹುರಿದ ಕಾಫಿ ಬೀಜದ ತಿಳಿ ಕಂದು ಬಣ್ಣವಿದ್ದರೆ ಎಲ್ಲವೂ ಸರಿ. ಒಣ ಕಪ್ಪು ಮಸಿ ಕೂತಿದ್ದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರಿನಲ್ಲಿ ಧೂಳು ತುಂಬಿದ್ದೀತು. ಸುಣ್ಣದಂತೆ ಬೆಳ್ಳಗಿದ್ದರೆ ಪೆಟ್ರೋಲು ಸಾಲದೆ ಎಂಜಿನ್ ಮಿತಿಮೀರಿ ಕಾಯುತ್ತಿದೆ. ಇದನ್ನು ಅಲಕ್ಷಿಸಿ ದೂರ ಹೋದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಸಂಭವವಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗು ಅಥವಾ ವಾಲ್ವಿನ ಗೈಡು ಸವೆದಿದೆ.

ಹೊಗೆಯೂ ಇದನ್ನೇ ಹೇಳುತ್ತದೆ. ಕಪ್ಪು ಹೊಗೆ ಪೆಟ್ರೋಲು ಹೆಚ್ಚಾದುದಕ್ಕೆ, ನೀಲಿ ಹೊಗೆ ಎಣ್ಣೆ ಉರಿಯುವುದಕ್ಕೆ ಗುರುತು. ಚಳಿಗಾಲದ ಬೆಳಿಗ್ಗೆ ಮೊದಲ ಕೆಲ ನಿಮಿಷ ಕಾಣುವ ಬಿಳಿ ಹೊಗೆ ಬರೀ ನೀರಾವಿ, ಹೆದರಬೇಕಿಲ್ಲ.

6. ಎಂಜಿನ್ ಎಣ್ಣೆ ಮತ್ತು ಟ್ಯಾಪೆಟ್ಟು

ಎಣ್ಣೆಯ ಮಟ್ಟ ನೋಡುವಲ್ಲಿ ಈ ವಾಹನಕ್ಕೆ ಒಂದು ವಿಶೇಷವಿದೆ. ಹಲವು ದಿನ ನಿಲ್ಲಿಸಿಟ್ಟರೆ ಎಣ್ಣೆಯ ಕೋಶದಲ್ಲಿರುವ ಎಣ್ಣೆ ಮೆಲ್ಲಗೆ ಎಂಜಿನ್ನಿನ ತಳಕ್ಕೆ ಇಳಿಯುತ್ತದೆ. ಆಗ ಅಳತೆ ಕಡ್ಡಿಯಲ್ಲಿ ಎಣ್ಣೆ ಕಾಣದು. ಕಡಿಮೆಯಾಗಿದೆಯೆಂದು ಮತ್ತೆ ಸುರಿದರೆ ಎಣ್ಣೆ ವಿಪರೀತವಾಗಿ, ಹೊಗೆ ಕಾರಿ, ಸೀಲುಗಳಿಂದ ಸೋರುತ್ತದೆ. ಎಂಜಿನ್ನನ್ನು ಕೆಲವು ನಿಮಿಷ ನಡೆಸಿ ನಿಲ್ಲಿಸಿದ ಮೇಲೆಯೇ ಮಟ್ಟ ನೋಡುವುದು ಸರಿಯಾದ ಕ್ರಮ. 20ಡಬ್ಲ್ಯು-50 ದರ್ಜೆಯ ಎಣ್ಣೆ ಹಾಕಿ, ಸುಮಾರು 3000 ಕಿ.ಮೀ.ಗೊಮ್ಮೆ, ಧೂಳಿನ ದಾರಿಯಲ್ಲಿ ಹೆಚ್ಚು ಓಡಿಸುವವರು ಇನ್ನೂ ಬೇಗ ಬದಲಾಯಿಸಬೇಕು. ಫಿಲ್ಟರನ್ನೂ ಆಗಲೇ ಬದಲಾಯಿಸಿರಿ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದರಲ್ಲಿ ನೀರು ಸೇರಿದೆ. ಮಳೆಗಾಲದಲ್ಲಿ ಮನೆಯಿಂದ ಡಿಪೋವರೆಗೆ ಮಾತ್ರ ಓಡಿ ಎಂಜಿನ್ ಪೂರ್ತಿ ಕಾಯದ ವಾಹನಗಳಲ್ಲಿ ಇದು ಆಗುತ್ತದೆ. ಅಂಥ ಎಣ್ಣೆಯನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ.

ತೆಗೆದ ಹಳೇ ಎಣ್ಣೆಯನ್ನು ತೋಡಿಗೆ, ಬಾವಿಯ ಹತ್ತಿರ, ಗಿಡದ ಬುಡಕ್ಕೆ ಚೆಲ್ಲಬಾರದು. ಡಬ್ಬಿಯಲ್ಲಿ ಸಂಗ್ರಹಿಸಿ ಹಳೇ ಎಣ್ಣೆ ಕೊಳ್ಳುವ ಗ್ಯಾರೇಜಿಗೆ ಕೊಡಿರಿ.

ಟ್ಯಾಪೆಟ್ಟನ್ನು ಎಂಜಿನ್ ಪೂರ್ಣ ತಣ್ಣಗಿರುವಾಗ, ಪಿಸ್ಟನ್ ಒತ್ತಡದ ಹೊಡೆತದ ತುದಿಯಲ್ಲಿರುವಾಗ ನೋಡಬೇಕು. ಬಲಬದಿಯ ಚಿಕ್ಕ ಮುಚ್ಚಳ ತೆಗೆದರೆ ಎರಡು ಪುಶ್‌ರಾಡುಗಳು ಕಾಣುತ್ತವೆ. ಅವು ಎರಡು ಬೆರಳುಗಳ ನಡುವೆ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಸಡಿಲವಾದರೆ ಟಕಟಕ ಶಬ್ದ ಬರುತ್ತದೆ; ಬಿಗಿಯಾದರೆ ಶಬ್ದವಿರದು, ಆದರೆ ವಾಲ್ವು ಸುಟ್ಟುಹೋಗುತ್ತದೆ. ಮೌನವಾದ ದೋಷವೇ ಹೆಚ್ಚು ನಷ್ಟದ್ದು.

7. ಚೈನು

ಹಿಂದಿನ ಚೈನು ನಡುಭಾಗದಲ್ಲಿ ಸುಮಾರು 25 ಮಿ.ಮೀ. ಆಡುವಂತಿರಬೇಕು. ಚೈನು ಎಲ್ಲ ಕಡೆ ಸಮನಾಗಿ ಸವೆದಿರುವುದಿಲ್ಲವಾದ್ದರಿಂದ ಚಕ್ರ ತಿರುಗಿಸುತ್ತ ಅತಿ ಬಿಗಿಯಾದ ಜಾಗದಲ್ಲಿ, ಒಬ್ಬರನ್ನು ಸೀಟಿನ ಮೇಲೆ ಕೂರಿಸಿ ಅಳೆಯಬೇಕು. ಬಿಗಿಮಾಡಲು ಹಿಂದಿನ ಅಚ್ಚಿನ ಎರಡೂ ಬದಿ ಬಸವನಹುಳುವಿನ ಚಿಪ್ಪಿನ ಆಕಾರದ ತಿರುಗಣೆಗಳಿವೆ. ಎರಡನ್ನೂ ಸಮನಾದ ಕಚ್ಚಿಗೆ ತಿರುಗಿಸಬೇಕು. ಆಮೇಲೆ ಅಡಿಕೆ ಸಸಿ ನೆಡುವಾಗ ಸಾಲು ಹಿಡಿಯುವ ಹಗ್ಗವನ್ನೇ ತಂದು ಹಿಂದಿನ ಟಯರಿನಿಂದ ಮುಂದಿನ ಟಯರಿನವರೆಗೆ ಎಳೆದು ಎರಡೂ ಬದಿ ನೋಡಿರಿ. ಹಗ್ಗ ಹಿಂದಿನ ಟಯರಿನ ಎರಡು ಅಂಚುಗಳಿಗೆ ತಾಗಿರುವಾಗ ಮುಂದಿನ ಟಯರಿನ ಅಂತರ ಎಡಬಲ ಒಂದೇ ಇದ್ದರೆ ಚಕ್ರಗಳು ಸಾಲಿನಲ್ಲಿವೆ.

ಚೈನಿನ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಚಲಿಸುವ ದಿಕ್ಕಿಗೆ ಇರಬೇಕು. ತಿರುಗುಮುರುಗಾಗಿ ಹಾಕಿದ ಕ್ಲಿಪ್ಪು ಏನಾದರೂ ತಗುಲಿದರೆ ಹಾರಿಹೋಗಿ, ಕಳಚಿದ ಚೈನು ಚಕ್ರಕ್ಕೆ ಸಿಕ್ಕಿಕೊಳ್ಳಬಹುದು. ಓಡಿ ಬಂದು ಚೈನು ಬೆಚ್ಚಗಿರುವಾಗ 90 ನಂಬರ್ ಗೇರ್ ಎಣ್ಣೆ ಸವರಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹೆಚ್ಚಿನದನ್ನು ಒರೆಸಿರಿ.

8. ಬ್ರೇಕು: ಎಲ್ಲಕ್ಕಿಂತ ಮುಖ್ಯ

ಓಡದ ವಾಹನ ತೊಂದರೆ ಕೊಡುತ್ತದೆ. ನಿಲ್ಲದ ವಾಹನ ಜೀವ ತೆಗೆಯುತ್ತದೆ. ಹೀಗಿದ್ದರೂ ಸ್ಟಾರ್ಟಿನ ದೋಷಕ್ಕೆ ದಿನವಿಡೀ ಕೂರುವ ನಾವು ಬ್ರೇಕಿಗೆ ಹತ್ತು ನಿಮಿಷ ಕೊಡುವುದಿಲ್ಲ. ಇದು ಬದಲಾಗಬೇಕು.

ಹಳೆಯ ವಾಹನಗಳಲ್ಲಿರುವುದು ಡ್ರಮ್ ಬ್ರೇಕು. ಬ್ರೇಕನ್ನು ಪೂರ್ತಿ ಒತ್ತಿದಾಗ ಡ್ರಮ್ಮಿನ ಹೊರಗಿನ ತೋಳಿಗೂ ಅದನ್ನು ಎಳೆಯುವ ಕೇಬಲು ಅಥವಾ ಸರಳಿಗೂ ನಡುವಿನ ಕೋನ 90 ಡಿಗ್ರಿ ಮೀರಬಾರದು. ಮೀರಿದರೆ ಎಷ್ಟು ಬಲ ಹಾಕಿದರೂ ಶೂಗಳು ತಕ್ಕಷ್ಟು ಅಗಲುವುದಿಲ್ಲ; ಲೈನಿಂಗ್ ಸವೆದಿದೆ ಎಂಬುದರ ಹೊರಗುರುತೂ ಇದೇ. ಚಕ್ರ ಬಿಚ್ಚಿ ನೋಡಿ, ಲೈನಿಂಗು ರಿವೆಟ್ಟಿನ ತಲೆಯ ಸಮಕ್ಕೆ ಬರುತ್ತಿದ್ದರೆ ಶೂ ಬದಲಾಯಿಸಬೇಕು. ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿರಿ. ಹಳೇ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಒದ್ದೆ ಬಟ್ಟೆಯಿಂದ ಒರೆಸಿರಿ. ಶೂಗಳಿಗೆ ಎಣ್ಣೆ, ಗ್ರೀಸು ತಾಗದಂತೆ ಕೈ ಶುಚಿಯಾಗಿರಲಿ. ಚೈನು ಬಿಗಿಮಾಡಿದಾಗಲೆಲ್ಲ ಹಿಂದಿನ ಬ್ರೇಕಿನ ಅಳತೆ ತಪ್ಪುತ್ತದೆ. ಅದನ್ನು ಮತ್ತೆ ಸರಿಹೊಂದಿಸಿಯೇ ಹೊರಡಬೇಕು.

ಡ್ರಮ್ಮಿಗೆ ನೀರು ಹೊಕ್ಕರೆ ಬ್ರೇಕಿನ ಹಿಡಿತ ಕುಂದುತ್ತದೆ. ತೋಡು ದಾಟಿದ ಕೂಡಲೇ ನಿಧಾನವಾಗಿ ಸಾಗುತ್ತ, ಹಿಂದೆ ಮುಂದೆ ವಾಹನಗಳಿಲ್ಲದಾಗ ಬ್ರೇಕನ್ನು ಹಗುರವಾಗಿ ಹಲವು ಸಲ ಒತ್ತಿ ಒಣಗಿಸಿಕೊಳ್ಳಬೇಕು. ಘಟ್ಟ ಇಳಿಯುವಾಗ ಇದಕ್ಕೆ ವಿರುದ್ಧವಾದ ಅಪಾಯ. ಆಗುಂಬೆಯ 14 ತಿರುವುಗಳನ್ನೋ ಚಾರ್ಮಾಡಿಯನ್ನೋ ಬ್ರೇಕ್ ಹಿಡಿದೇ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ, ಲೈನಿಂಗು ಹಿಡಿತ ಕಳೆದುಕೊಳ್ಳುತ್ತದೆ, ಕೊನೆಯ ತಿರುವಿನಲ್ಲಿ ಲಿವರು ಹ್ಯಾಂಡಲಿಗೆ ತಾಗಿದರೂ ವಾಹನ ನಿಲ್ಲದು. ಏರಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕು. ಎಂಜಿನ್ನೇ ವಾಹನವನ್ನು ಹಿಡಿದಿಡಲಿ; ಬ್ರೇಕನ್ನು ತಿರುವಿಗೆ ಮುಂಚೆ ಒತ್ತಿ ಬಿಡಬೇಕು. ನ್ಯೂಟ್ರಲಿನಲ್ಲಿ ಇಳಿದು ಉಳಿಸುವ ಪೆಟ್ರೋಲು ಒಂದು ಲೋಟದಷ್ಟೂ ಆಗುವುದಿಲ್ಲ.

ಟಯರಿನ ಗಾಳಿ ಹಳೆಯ 350ರಲ್ಲಿ ಮುಂದೆ 18ರಿಂದ 20, ಹಿಂದೆ 28ರಿಂದ 30 ಪೌಂಡು ಇರಲಿ. ಹಿಂದೆ ಒಬ್ಬರು ಕೂತಾಗ ಅಥವಾ ಹೊರೆಯಿದ್ದಾಗ ಹೆಚ್ಚಿನ ಅಂಕಿಯನ್ನು ಅನುಸರಿಸಿರಿ. ಸ್ಪೋಕುಗಳನ್ನು ಸ್ಪಾನರಿನಿಂದ ಮೆಲ್ಲಗೆ ತಟ್ಟುತ್ತ ಬಂದರೆ ಬಿಗಿಯಾದುವು ಟಿಣ್ ಎನ್ನುತ್ತವೆ. ಸಡಿಲವಾದವು ಬೋದು ಶಬ್ದದಿಂದ ತಾವೇ ಗುರುತು ಕೊಡುತ್ತವೆ.

9. ತೋಟದಲ್ಲೇ ಇರುವ ಶತ್ರುಗಳು

ನಮ್ಮ ವಾಹನಗಳಿಗೆ ಪೇಟೆಯ ವಾಹನಗಳಿಗಿಲ್ಲದ ಕೆಲವು ಶತ್ರುಗಳಿವೆ. ಮೊದಲನೆಯದು ಮೈಲುತುತ್ತ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳಪಿನ ಕಬ್ಬಿಣದ ಚಾಕನ್ನು ಅದ್ದಿ, ಕೆಂಪು ಬಣ್ಣ ಕೂತರೆ ಸುಣ್ಣ ಸಾಲದೆಂದು ತಿಳಿಯುತ್ತೇವಷ್ಟೆ. ಆ ಕೆಂಪು, ಕಬ್ಬಿಣವನ್ನು ಕರಗಿಸಿ ಅದರ ಜಾಗದಲ್ಲಿ ಕೂತ ತಾಮ್ರ. ಕೊಳೆರೋಗಕ್ಕೆ ಔಷಧಿ ಹೊಡೆಯುವ ದಿನಗಳಲ್ಲಿ ಮೈಲುತುತ್ತದ ಚೀಲವನ್ನು ಟ್ಯಾಂಕಿನ ಮೇಲಿಟ್ಟು ಮಳೆಯಲ್ಲಿ ತಂದರೆ, ಚಾಕಿಗೆ ಆದುದೇ ಚೈನಿಗೂ ನಟ್ಟುಬೋಲ್ಟುಗಳಿಗೂ ಆಗುತ್ತದೆ. ಅಲ್ಯುಮಿನಿಯಮಿನ ಕವಚಗಳೂ ಗುಳಿ ಬೀಳುತ್ತವೆ. ಸುಣ್ಣವೂ ಅಲ್ಯುಮಿನಿಯಮಿಗೆ ವೈರಿಯೇ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ತನ್ನಿರಿ. ಚೆಲ್ಲಿದ್ದರೆ ಅದೇ ದಿನ ಧಾರಾಳ ನೀರಿನಿಂದ ತೊಳೆದು, ಒರೆಸಿ, ಚೈನಿಗೆ ಎಣ್ಣೆ ಸವರಿರಿ.

ಎರಡನೆಯದು ನೀರು. ಇಂದು ದೊರೆಯುವ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. 2025ರ ವೇಳೆಗೆ ಈ ಪ್ರಮಾಣ ದೇಶದಲ್ಲಿ ಶೇಕಡಾ 20ಕ್ಕೆ ಏರಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರು ಮತ್ತು ಎಥನಾಲ್ ಬೇರ್ಪಟ್ಟು ತಳದಲ್ಲಿ ನಿಲ್ಲುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ನಿಲ್ಲಿಸಿಟ್ಟ ವಾಹನ ಗೌರಿಹಬ್ಬಕ್ಕೆ ಸ್ಟಾರ್ಟ್ ಆಗದಿರಲು ಇದೂ ಒಂದು ಕಾರಣ. ಆದ್ದರಿಂದ ನಿಲ್ಲಿಸುವ ದಿನ ನಲ್ಲಿ ಮುಚ್ಚಿ, ಕಾರ್ಬುರೇಟರಿನಲ್ಲಿರುವುದು ಮುಗಿಯುವತನಕ ಎಂಜಿನ್ ನಡೆಸಿರಿ. ಮತ್ತೆ ಹೊರಡಿಸುವಾಗ ಸ್ವಲ್ಪ ಪೆಟ್ರೋಲನ್ನು ಗಾಜಿನ ಶೀಸೆಗೆ ಹಿಡಿದು ಕೆಲವು ನಿಮಿಷ ಇಟ್ಟು ನೋಡಿರಿ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನು ಬರಿದು ಮಾಡಬೇಕು. ಹಳೇ ರಬ್ಬರು ನಳಿಗೆಗಳನ್ನು ಎಥನಾಲ್ ಮೆತ್ತಗೆ ಮಾಡುವುದುಂಟು. ಬಿರುಕು ಅಥವಾ ಉಬ್ಬು ಕಂಡರೆ ಆಗಲೇ ಬದಲಾಯಿಸಿರಿ.

ಮೂರನೆಯದು ಇಲಿ. ಅಡಿಕೆ ಒಣಗಿಸುವ ಶೆಡ್ಡಿನಲ್ಲಿ ನಿಲ್ಲಿಸಿದ ವಾಹನದ ತಂತಿಗಳನ್ನು ಕಡಿಯುವುದಲ್ಲದೆ ಏರ್ ಫಿಲ್ಟರಿನ ಡಬ್ಬಿಯಲ್ಲಿ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ಸೀಟು ಎತ್ತಿ ನೋಡಿರಿ.

ಬ್ಯಾಟರಿ, ಹಳೆಯವುಗಳಲ್ಲಿ 6 ವೋಲ್ಟಿನದು, ನಂತರದವುಗಳಲ್ಲಿ 12 ವೋಲ್ಟಿನದು. ನೀರು ಹಾಕುವ ಬಗೆಯದಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು. ಎಷ್ಟೇ ತಿಳಿಯಾಗಿದ್ದರೂ ಬಾವಿನೀರು, ಬಗ್ಗಡದ ನೀರು ಕೂಡದು. ತುದಿಗಳಿಗೆ ವ್ಯಾಸಲಿನ್ ಹಚ್ಚಿರಿ.

10. ದೂರ ಹೊರಡುವ ಮುನ್ನ

ಕೊಯ್ಲು ಮುಗಿದು ಧರ್ಮಸ್ಥಳಕ್ಕೋ ಗೋಕರ್ಣಕ್ಕೋ ಹೊರಡುವವರು ಹಿಂದಿನ ದಿನವೇ ಈ ಕ್ರಮದಲ್ಲಿ ನೋಡಿಕೊಳ್ಳಿರಿ: ಬ್ರೇಕು, ಟಯರು ಮತ್ತು ಸ್ಪೋಕು, ಚೈನು ಮತ್ತು ಕ್ಲಿಪ್ಪು, ದೀಪಗಳು ಮತ್ತು ಹಾರನ್, ಎಣ್ಣೆ, ಎಲ್ಲ ನಟ್ಟುಬೋಲ್ಟುಗಳ ಬಿಗಿ, ಕೊನೆಗೆ ಎಂಜಿನ್. ಈ ಎಂಜಿನ್ನಿನ ನಡುಕಕ್ಕೆ ಬೋಲ್ಟುಗಳು ಸಡಿಲವಾಗುವುದು ಸಹಜವಾದ್ದರಿಂದ ದಾರಿಯಲ್ಲಿ ತಿಂಡಿಗೆ ನಿಂತಲ್ಲಿ ಒಮ್ಮೆ ಕೈಯಾಡಿಸಬೇಕು. ಹೊಸ ರಿಪೇರಿ ಮಾಡಿದ ಮರುದಿನವೇ ದೂರ ಹೋಗಬಾರದು. ಮನೆಯ ಸುತ್ತ ಒಂದೆರಡು ದಿನ ಓಡಿಸಿ ನೋಡಬೇಕು.

ಜೊತೆಯಲ್ಲಿ ಒಯ್ಯಬೇಕಾದವು: ಪ್ಲಗ್ಗು, ಕಂಡೆನ್ಸರು, ಪಾಯಿಂಟು, ಫ್ಯೂಸು, ಬಲ್ಬು, ಚೈನಿನ ಕೊಂಡಿ, ಕ್ಲಚ್ಚು ಮತ್ತು ಥ್ರಾಟಲ್ ಕೇಬಲು, ಟ್ಯೂಬು, ಪಂಕ್ಚರ್ ಸಾಮಾನು, ಪಂಪು, ಟಾರ್ಚು. ಹೊಸ ಕೇಬಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಟ್ಟರೆ ಹಳೆಯದು ಕಡಿದಾಗ ಎರಡು ತುದಿ ಸೇರಿಸುವುದಷ್ಟೇ ಕೆಲಸ.

11. ಎಲ್ಲಿಗೆ ನಿಲ್ಲಿಸಬೇಕು

ಮನೆಯ ಕೆಲಸಕ್ಕೂ ಮಿತಿಯಿದೆ. ಎಂಜಿನ್ನಿನ ಆಳದಿಂದ ಗುದ್ದುವ ಶಬ್ದ, ಗೇರ್ ತಾನಾಗಿ ಕಳಚುವುದು, ಹ್ಯಾಂಡಲಿನ ಬೇರಿಂಗು ಕಚ್ಚುವುದು, ಚೌಕಟ್ಟಿನ ಬಿರುಕು ಇವು ಅನುಭವಿ ಮೆಕ್ಯಾನಿಕ್ಕರ ಪಾಲಿಗಿರಲಿ. ಆದರೆ ಅವರಿಗೆ ‘ಗಾಡಿ ಸರಿಯಿಲ್ಲ’ ಎಂದಷ್ಟೇ ಹೇಳದೆ, ‘ಮುಳ್ಳು ಆಡುತ್ತದೆ, ಕಿಡಿ ನೀಲಿಯಾಗಿದೆ, ಕಾದ ಮೇಲೆ ಮಾತ್ರ ನಿಲ್ಲುತ್ತದೆ’ ಎಂದು ಹೇಳಬಲ್ಲವರಾದರೆ ಅವರ ಸಮಯವೂ ನಮ್ಮ ಹಣವೂ ಉಳಿಯುತ್ತದೆ.

2009ರಿಂದ ಈಚೆಗೆ ಬಂದ ಹೊಸ ಬಗೆಯ ಎಂಜಿನ್ನುಗಳಲ್ಲಿ ಪಾಯಿಂಟಿಲ್ಲ. ಇತ್ತೀಚಿನವುಗಳಲ್ಲಿ ಕಾರ್ಬುರೇಟರೂ ಇಲ್ಲ, ಪೆಟ್ರೋಲನ್ನು ವಿದ್ಯುತ್ ಪಂಪು ಚಿಮ್ಮಿಸುತ್ತದೆ. ಬ್ಯಾಟರಿ ಸೋತರೆ ಪಂಪೂ ನಡೆಯದು; ಆದ್ದರಿಂದ ಇವುಗಳಲ್ಲಿ ಬ್ಯಾಟರಿಯ ಆರೈಕೆಯೇ ಮೊದಲನೆಯದು. ಎಚ್ಚರಿಕೆಯ ದೀಪ ಉರಿಯುತ್ತಲೇ ಇದ್ದರೆ ತಂತಿಗಳನ್ನು ಕೆದಕದೆ ಸರ್ವಿಸ್ ಕೇಂದ್ರಕ್ಕೆ ಒಯ್ಯಿರಿ. ಬ್ರೇಕು, ಚೈನು, ಟಯರು, ಎಣ್ಣೆಯ ಮಟ್ಟ, ಏರ್ ಫಿಲ್ಟರುಗಳ ಪರೀಕ್ಷೆಯನ್ನು ಹೊಸ ವಾಹನಗಳಲ್ಲೂ ಮನೆಯಲ್ಲೇ ಮಾಡಬಹುದು. ಅಳತೆಗಳನ್ನು ಮಾತ್ರ ಆಯಾ ವಾಹನದ ಕೈಪಿಡಿಯಿಂದ ತೆಗೆದುಕೊಳ್ಳಬೇಕು.

ತೋಟದ ಲೆಕ್ಕದ ಪುಸ್ತಕದಲ್ಲಿ ವಾಹನಕ್ಕೆಂದು ಒಂದು ಪುಟ ಮೀಸಲಿಟ್ಟು ಎಣ್ಣೆ ಬದಲಾಯಿಸಿದ ದಿನ, ಓಡಿದ ಕಿಲೋಮೀಟರು, ಕಂಡ ದೋಷ, ಮಾಡಿದ ಉಪಾಯ ಬರೆದಿಡಿರಿ. ಮುಂದೊಂದು ರಾತ್ರಿ ಆತುರದಲ್ಲಿ ಕೀ ತಿರುಗಿಸುವವರು ಮನೆಯ ಬೇರೆ ಯಾರೋ ಆಗಿರಬಹುದು. ಆ ಪುಟ ಅವರಿಗೆ ದಾರಿ ತೋರಿಸುತ್ತದೆ.

ಮನನಕ್ಕೆ ಕೆಲವು ಪ್ರಶ್ನೆಗಳು

(ಉತ್ತರಗಳು ಪಾಠದಲ್ಲೇ ಇವೆ. ಮನೆಯ ಮಕ್ಕಳೊಡನೆ ಕೂತು ಉತ್ತರಿಸಿರಿ.)

1. ಕೀ ತೆರೆದು ಕಿಕ್ಕರ್ ಅದುಮಿದಾಗ ಮುಳ್ಳು ಮೈನಸ್ ಬದಿಯಲ್ಲೇ ನಿಂತರೆ ಮೊದಲು ಏನನ್ನು ಬೇರ್ಪಡಿಸಿ ನೋಡುವಿರಿ?
2. ನಾಲ್ಕು ಮೈಲಿ ಓಡಿ ನಿಂತು, ಸ್ವಲ್ಪ ಹೊತ್ತಿನ ಮೇಲೆ ತಾನೇ ಸರಿಹೋಗುವ ವಾಹನದಲ್ಲಿ ಯಾವ ರಂಧ್ರವನ್ನು ಶಂಕಿಸಬೇಕು?
3. ತಿಂಗಳು ನಿಲ್ಲಿಸಿದ ವಾಹನದ ಅಳತೆ ಕಡ್ಡಿಯಲ್ಲಿ ಎಣ್ಣೆ ಕಾಣದಿದ್ದರೆ ಕೂಡಲೇ ಏಕೆ ಸುರಿಯಬಾರದು?
4. ಚೈನು ಬಿಗಿಮಾಡಿದ ಮೇಲೆ ಮತ್ತೆ ನೋಡಲೇಬೇಕಾದುದು ಯಾವುದು?
5. ಘಟ್ಟವನ್ನು ಯಾವ ಗೇರಿನಲ್ಲಿ ಇಳಿಯಬೇಕು? ಏಕೆ?